ನೋವಿನ ಕಾಲಂ

ಆ ಮನೆಯ ಚರಿತ್ರೆಯನ್ನು ಯಾರಾದರೂ ಬರೆಯಲು ಕೂತರೆ ಅದನ್ನು ಎರಡು ಯುಗಗಳಾಗಿ ವಿಂಗಡಿಸದೆ ಗತ್ಯಂತರವಿಲ್ಲ: ಊಟ ಎಂಟೂವರೆಗೆ ಆಗುತ್ತಿದ್ದ ಕಾಲ, ಮತ್ತು ಅದು ಸಂಜೆ ಏಳಕ್ಕೆ ಬಂದ ಕಾಲ. ಈ ಮಹಾ ಪರಿವರ್ತನೆ ಒಂದು ಸೋಮವಾರ, ಯಾವ ರಕ್ತಪಾತವೂ ಇಲ್ಲದೆ, ಅರ್ಧ ಹಾಳೆಯ ಚೀಟಿಯೊಂದರ ಮೂಲಕ ನಡೆದುಹೋಯಿತು. ಚೀಟಿಯನ್ನು ಹೈಸ್ಕೂಲಿನಿಂದ ತಂದವಳು ಹುಡುಗಿ. ಎದ್ದು ನಿಂತು ಓದಿದವನು ಅಪ್ಪ. ಕೂತಲ್ಲಿಂದಲೇ ವಿರೋಧಿಸಿದವಳು ಅಜ್ಜಿ.

"ಏಳಕ್ಕೆ ಊಟ ಕೊಡೋದು ಆಸ್ಪತ್ರೇಲಿ. ಮೈ ನೆಟ್ಟಗಿರೋರು ಯಾರೂ ಅಷ್ಟು ಹೊತ್ತಿಗೆ ಉಣ್ಣಲ್ಲ."

"ಇದು ಕೋಚ್ ಸರ್ ಬರೆದಿರೋದು ಕಣಮ್ಮಾ," ಎಂದ ಮಗ.

"ಬರ್ಕೊಳ್ಳಲಿ. ಅವರ ಮನೇಲಿ ಉಣ್ಣಲಿ."

"ಆರು ವರ್ಷ, ಒಂದೂ ಬಿಡದ ಹಾಗೆ ಕಪ್ ಗೆದ್ದಿರೋ ಮನುಷ್ಯ."

"ಗೆದ್ದಿರಬಹುದು. ನನ್ನ ಹೊಟ್ಟೆ ಅವರ ಟೀಮಲ್ಲಿಲ್ಲ."

ಅಮ್ಮ ಈ ಚರ್ಚೆಯಲ್ಲಿ ಬಾಯಿ ಹಾಕಲಿಲ್ಲ. ಅವಳು ದೊಡ್ಡ ರಸ್ತೆಯ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಕೆಲಸದವಳು. ಅಂಗಡಿ ಮುಚ್ಚುವುದು ಏಳೂವರೆಗೆ, ಮನೆ ಮುಟ್ಟುವಾಗ ಎಂಟು. ಅಂದರೆ ಹೊಸ ಯುಗದ ಊಟದ ಮೇಜಿನಲ್ಲಿ ಅವಳಿಗೆ ಜಾಗವಿರಲಿಲ್ಲ. ಇದನ್ನು ಯಾರಾದರೂ ಗಮನಿಸುತ್ತಾರೇನೋ ಎಂದು ಎರಡು ದಿನ ಕಾದಳು. ಮೂರನೆಯ ದಿನ ಕಾಯುವುದನ್ನು ಬಿಟ್ಟು, ಮುಚ್ಚಿಟ್ಟಿದ್ದ ಪಾತ್ರೆಯನ್ನು ತಾನೇ ಬಿಸಿಮಾಡಿಕೊಂಡು, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಉಂಡಳು.

ಕೋಚ್ ಸರ್ ಎಂದರೆ ಆ ಬೀದಿಯಲ್ಲಿ ಸಾಮಾನ್ಯ ಮಾತಲ್ಲ. ಹೈಸ್ಕೂಲು ಹುಡುಗಿಯರ ಬಾಸ್ಕೆಟ್‌ಬಾಲ್ ತಂಡಕ್ಕೆ ಆತ ಬರುವ ಮೊದಲು ಆ ಶಾಲೆ ಹೆಸರಾಗಿದ್ದುದು ಸೋರುವ ಚಾವಣಿಗೆ. ಈಗ ಬೇಕರಿಯವನ ಗಲ್ಲಾಪೆಟ್ಟಿಗೆಯ ಮೇಲೆ ತಂಡದ ಫೋಟೋ ಇತ್ತು. ಕ್ಷೌರದಂಗಡಿಯಲ್ಲಿ ಎಷ್ಟೇ ಜನ ಕಾದಿದ್ದರೂ ಸರ್ ಬಂದರೆ ಕುರ್ಚಿ ತಾನಾಗಿ ತೆರವಾಗುತ್ತಿತ್ತು. ಆಳು ಕುಳ್ಳ, ಮಾತು ಕಡಮೆ, ಕೊರಳಲ್ಲಿ ಸೀಟಿ ಇದ್ದರೂ ಊದಿದ್ದನ್ನು ಕಂಡವರಿಲ್ಲ. ಬೀಗ ರಿಪೇರಿ, ಕೀಲಿಕೈ ನಕಲು ಮಾಡುವ ಪುಟ್ಟ ಅಂಗಡಿ ಇಟ್ಟಿದ್ದ ಅಪ್ಪನಂತೂ, ಶಾಲೆಯ ಆಟದ ಸಾಮಾನಿನ ಕೋಣೆಗೆ ಬೀಗ ಹಾಕಿಕೊಟ್ಟವನು ತಾನೇ ಎಂಬುದನ್ನು ಗಿರಾಕಿಗಳಿಗೆ ಅವರು ಕೇಳುವ ಮುಂಚೆಯೇ ತಿಳಿಸುತ್ತಿದ್ದ. "ಏಳು ಲಿವರಿನ ಬೀಗ. ಸರ್ ಒಂದೇ ಮಾತು ಕೇಳಿದ್ರು, 'ಗಟ್ಟಿನಾ?' ಅಂತ. ಅಷ್ಟೇ. ಎರಡನೇ ಮಾತಿಲ್ಲ." ಹೇಳುತ್ತ ಹೇಳುತ್ತ ಅವನ ದನಿಯೂ ಸಣ್ಣಗಾಗುತ್ತಿತ್ತು.

ಅಂಥ ಮನುಷ್ಯ ತನ್ನ ಮಗಳನ್ನು ಮೊದಲ ಐವರಲ್ಲಿ ನಿಲ್ಲಿಸಿದ ದಿನ ಅಪ್ಪ ಅಂಗಡಿಗೆ ಅರ್ಧ ದಿನ ಬಾಗಿಲು ಹಾಕಿ, ಬೀದಿಯ ಉದ್ದಕ್ಕೂ ಎರಡು ಸಲ ನಡೆದುಬಂದ. ಏನೂ ಕೊಳ್ಳುವುದಿರಲಿಲ್ಲ. ಸುಮ್ಮನೆ ಕಾಣಿಸಿಕೊಂಡು ಬಂದ.

ಊಟದ ಹೊತ್ತಿನ ಬೆನ್ನಿಗೇ ಪುಸ್ತಕ ಬಂತು. ಇದು ಕೋಚ್ ಸರ್ ಅವರ ಪದ್ಧತಿ. ಹನ್ನೆರಡು ಹುಡುಗಿಯರಿಗೂ ಒಂದೊಂದು ಇನ್ನೂರು ಪುಟದ ಪುಸ್ತಕ, ಪುಟಕ್ಕೆ ನಾಲ್ಕು ಕಾಲಂ: ಊಟ, ನಿದ್ದೆ, ಓದು, ನೋವು. ಆಟಗಾರ್ತಿ ಅದನ್ನು ಮುಟ್ಟುವಂತಿಲ್ಲ. ದಿನವೂ ಮನೆಯ ಹಿರಿಯರೊಬ್ಬರು ಸ್ವಂತ ಕೈಯಿಂದ ಬರೆಯಬೇಕು. ಸೋಮವಾರ ಅಷ್ಟೂ ಪುಸ್ತಕ ಸರ್ ಮೇಜಿಗೆ ಹೋಗಬೇಕು. ಮಂಗಳವಾರ ಹಸಿರು ಶಾಯಿಯ ಒಂದೊಂದು ಪದ ಹೊತ್ತು ವಾಪಸು ಬರುತ್ತಿದ್ದವು. 'ನೀರು' ಎಂದರೆ ಹುಡುಗಿ ಸಾಕಷ್ಟು ನೀರು ಕುಡಿಯುತ್ತಿಲ್ಲ. 'ನಿದ್ದೆ' ಎಂದರೂ ಹಾಗೆಯೇ. ಎಲ್ಲಕ್ಕಿಂತ ದೊಡ್ಡ ಪದವಿ 'ಸರಿ'.

"ನಾನು ಬರೀತೀನಿ," ಎಂದಳು ಅಜ್ಜಿ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಅಕ್ಷರ ಮುತ್ತಿನಂತಿತ್ತು, ಮನೆಯಲ್ಲಿ ಬಿಡುವಿದ್ದವಳೂ ಅವಳೊಬ್ಬಳೇ.

"ಬೇಡ ಬಿಡು, ನಿನಗೆ ಯಾಕೆ ಶ್ರಮ," ಎಂದು ಅಪ್ಪ ಪುಸ್ತಕವನ್ನು ಕಂಕುಳಲ್ಲಿ ಅಡಗಿಸಿದ.

ಮೊದಲ ವಾರ ಅವನು ಇದ್ದದ್ದನ್ನು ಇದ್ದಹಾಗೆ ಬರೆದ. ಮಂಗಳವಾರ ಹಸಿರು ಶಾಯಿಯಲ್ಲಿ 'ಎಣ್ಣೆ' ಎಂದು ಬಂತು. ಅಜ್ಜಿ ಮೊಮ್ಮಗಳಿಗೆ ಮೂರು ಸಂಜೆ ಆಲೂಗಡ್ಡೆ ಕರಿದುಕೊಟ್ಟಿದ್ದಳು. ಅಪ್ಪ ಆ ಒಂದು ಪದವನ್ನು ಹಿಡಿದು ಎರಡು ದಿನ ಅನ್ನ ಸೇರದವನಂತೆ ಓಡಾಡಿದ. ಮುಂದಿನ ವಾರದಿಂದ ಅವನು ಆರಕ್ಕೇ ಅಂಗಡಿ ಮುಚ್ಚಿ ಬಂದು, ಹುಟ್ಟಿದಾಗಿನಿಂದ ಒಲೆ ಹಚ್ಚದ ಕೈಯಲ್ಲಿ ಕಾಳು ಬೇಯಿಸತೊಡಗಿದ. ಕಾಳು ಒಮ್ಮೆ ಕಲ್ಲಾಗುತ್ತಿತ್ತು, ಒಮ್ಮೆ ಗಂಜಿಯಾಗುತ್ತಿತ್ತು. ಅಜ್ಜಿ ಅವನು ಕೈಕಾಲು ತೊಳೆಯುವಷ್ಟು ಹೊತ್ತಿನಲ್ಲೇ ಆಲೂಗಡ್ಡೆ ಕರಿದು ಮುಗಿಸುವ ಕಲೆ ಸಾಧಿಸಿಕೊಂಡಳು. ಅಪ್ಪನಿಗೆ ವಾಸನೆ ಬಾರದೆ ಇರಲಿಲ್ಲ. ಆದರೂ ಪುಸ್ತಕದಲ್ಲಿ 'ಬೇಯಿಸಿದ ಆಲೂಗಡ್ಡೆ' ಎಂದು ಬರೆದ. ಮಂಗಳವಾರ 'ಸರಿ' ಬಂತು.

"ನನ್ನ ಎಣ್ಣೇನ ನೀರು ಮಾಡಿಬಿಟ್ಯಲ್ಲೋ ಮಹಾರಾಯ!" ಎಂದು ಅಜ್ಜಿ ಪುಟ ನೋಡಿ ನಕ್ಕಳು. "ಇನ್ನೊಂದು ಸ್ವಲ್ಪ ಹುರಿದುಂಬಿಸಿದ್ರೆ ಸಿಪ್ಪೇನ ಬಾದಾಮಿ ಮಾಡ್ತೀಯ."

"ಸರ್‌ಗೆ ಸುಮ್ನೆ ಬೇಜಾರು ಯಾಕಮ್ಮಾ."

ಹೀಗೆ ಆ ಪುಸ್ತಕದೊಳಗೆ, ಈ ಮನೆಯ ಪಕ್ಕದಲ್ಲೇ, ಇನ್ನೊಂದು ಮನೆ ಎದ್ದಿತು. ಅಲ್ಲಿ ಎಲ್ಲರೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದರು, ಹುಡುಗಿ ಒಂಬತ್ತೂವರೆಗೆ ಮಲಗುತ್ತಿದ್ದಳು, ದಿನಕ್ಕೆ ಎರಡು ಗಂಟೆ ಓದುತ್ತಿದ್ದಳು, ಯಾರಿಗೂ ಎಲ್ಲೂ ನೋಯುತ್ತಿರಲಿಲ್ಲ. ನಾಲ್ಕನೆಯ ಕಾಲಂನಲ್ಲಿ ದಿನವೂ 'ಇಲ್ಲ'. ಅಪ್ಪನ 'ಇಲ್ಲ' ವಾರದಿಂದ ವಾರಕ್ಕೆ ದುಂಡಗಾಗುತ್ತ ಹೋಯಿತು.

ಅಮ್ಮನಿಗೂ ಆ ಮನುಷ್ಯನ ಮೇಲೆ ಗೌರವವಿಲ್ಲದೆ ಇರಲಿಲ್ಲ. ಆರನೆಯ ವಾರ ಅವಳೊಮ್ಮೆ ರಜೆ ಹಾಕಿ ಪಂದ್ಯ ನೋಡಲು ಹೋಗಿದ್ದಳು. ಎದುರು ತಂಡದ ಕೋಚ್ ಪಂದ್ಯವಿಡೀ ಕೂಗಿ ಕೂಗಿ ಗಂಟಲು ಹರಿದುಕೊಂಡ. ಸರ್ ಕೈಕಟ್ಟಿ ನಿಂತಿದ್ದರು. ಸುಲಭದ ಚೆಂಡೊಂದನ್ನು ಕೈಚೆಲ್ಲಿ ಅಳುಮೋರೆ ಹಾಕಿಕೊಂಡು ಬಂದ ಆಟಗಾರ್ತಿಯೊಬ್ಬಳ ಕಿವಿಯಲ್ಲಿ ಏನೋ ಅಂದರು. ಅವಳು ಫಕ್ಕನೆ ನಕ್ಕು, ವಾಪಸು ಹೋಗಿ, ಎರಡು ಬಾಸ್ಕೆಟ್ ಹಾಕಿದಳು. ಇಂಥದೊಂದು ಮಾತು ತನಗೆ ಹದಿನೈದನೆಯ ವಯಸ್ಸಿನಲ್ಲಿ ಯಾರಾದರೂ ಹೇಳಿದ್ದರೆ ಎಂದು ಅಮ್ಮ ಬಸ್ಸಿನಲ್ಲಿ ಬರುವಾಗ ಅಂದುಕೊಂಡಳು. ಮನೆಗೆ ಬಂದು ಮಾತ್ರ "ಪರವಾಗಿಲ್ಲ, ಚೆನ್ನಾಗಿ ಆಡಿಸ್ತಾರೆ" ಎಂದಷ್ಟೇ ಹೇಳಿದಳು. ಹೆಚ್ಚು ಹೇಳಿದ್ದರೆ ಅಪ್ಪ ಕುಣಿಯುತ್ತಿದ್ದ.

ಹನ್ನೊಂದನೆಯ ವಾರದ ಒಂದು ಬೆಳಿಗ್ಗೆ. ಅಮ್ಮ ಊಟದ ಡಬ್ಬಿಗೆ ಮುಚ್ಚಳ ಹಾಕುತ್ತಿದ್ದಳು. ಮಹಡಿಯಿಂದ ಹುಡುಗಿ ಇಳಿದುಬರುವ ಸದ್ದು ಕೇಳಿತು. ಎತ್ತರಕ್ಕೆ ಬೆಳೆದಿದ್ದಕ್ಕೆ ಅಜ್ಜಿ ಅವಳನ್ನು 'ಏಣಿ' ಎಂದು ಕರೆಯುತ್ತಿದ್ದಳು, ಏಣಿ ಎರಡೆರಡು ಮೆಟ್ಟಿಲು ಹಾರಿ ಇಳಿಯುವುದು ವಾಡಿಕೆ. ಇವತ್ತು ಒಂದು ಮೆಟ್ಟಿಲಿಗೆ ಎರಡು ಸದ್ದು. ಎಡಗಾಲು, ಆಮೇಲೆ ಅದೇ ಮೆಟ್ಟಿಲಿಗೆ ಬಲಗಾಲು. ಕೈ ಕಟಕಟೆಯ ಮೇಲೆ.

"ಕಾಲಿಗೇನಾಯ್ತು?"

"ಏನಿಲ್ಲ."

"ಇನ್ನೊಂದು ಸಲ ಹತ್ತಿ ಇಳಿ ನೋಡೋಣ."

"ಅಮ್ಮಾ, ಹೊತ್ತಾಯ್ತು."

ಹುಡುಗಿ ಹತ್ತಿ ಇಳಿದಳು. ಸರಾಗವಾಗಿ ಇಳಿದಳು, ಮುಖದಲ್ಲಿ ಒಂದು ಗೆರೆ ಕದಲಲಿಲ್ಲ. ಅಲ್ಲೇ ಅಮ್ಮನಿಗೆ ಖಾತ್ರಿಯಾಯಿತು. ಅಂಗಡಿಯಲ್ಲಿ ದಿನಕ್ಕೆ ಇಬ್ಬರಾದರೂ ಹೀಗೆ ಬರುತ್ತಾರೆ: ಕನ್ನಡಕ ಹಾಕುವ ಗತಿ ಬಾರದಿರಲೆಂದು ಗೋಡೆಯ ಅಕ್ಷರಗಳನ್ನು ಕಾಯುವ ಬೆಂಚಿನ ಮೇಲೇ ಬಾಯಿಪಾಠ ಮಾಡಿಕೊಂಡು ಬಂದು ತಡವರಿಸದೆ ಒಪ್ಪಿಸುವವರು. ನಿಜವಾಗಿ ಕಾಣುವವನು ನಡುವೆ ಒಂದೆರಡು ಕಡೆ ಅನುಮಾನಿಸುತ್ತಾನೆ.

ಅಮ್ಮ ಬಗ್ಗಿ ಮಗಳ ಎಡ ಮೊಣಕಾಲಿಗೆ ಕೈಯಿಟ್ಟಳು. ಬಟ್ಟೆಯ ಮೇಲಿನಿಂದಲೂ ಬಿಸಿ ತಟ್ಟಿತು.

"ಎಷ್ಟು ದಿನದಿಂದ?"

ಹುಡುಗಿ ಅಪ್ಪನ ಕಡೆ ನೋಡಿದಳು. ಅಪ್ಪ ಕಿಟಕಿಯ ಕಡೆ ನೋಡಿದ. ಕಿಟಕಿಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

"ಓಹೋ," ಎಂದಳು ಅಮ್ಮ. "ನಿಮಗೂ ಗೊತ್ತು."

"ದಿನಾ ಆರೂಕಾಲಿಗೆ ಐಸ್ ಇಡ್ತಾ ಇದೀನಿ," ಎಂದ ಅಪ್ಪ. "ನೀನು ಬರೋದ್ರೊಳಗೆ ಊತ ಇಳಿದಿರುತ್ತೆ. ಐದು ವಾರ ಆಯ್ತು, ಏನೂ ಆಗಿಲ್ಲ. ಇನ್ನು ಫೈನಲ್ ಒಂದು ಮುಗೀಲಿ."

"ಪುಸ್ತಕದಲ್ಲಿ ಬರೆದ್ರಾ?"

"ಬರೆದ್ರೆ ಕೂರಿಸಿಬಿಡ್ತಾರೆ ಕಣೇ."

"ದೇವರಂಥ ಮನುಷ್ಯ ಅಂತೀರಿ. ಆ ದೇವರಿಗೇ ವಾರವಾರ ಸುಳ್ಳು ಬರೆದು ಕಳಿಸ್ತೀರಿ."

"ಸುಳ್ಳು ಯಾಕಾಗುತ್ತೆ? ಅವರ ಮನಸ್ಸಿಗೆ ನೆಮ್ಮದಿಯಾಗ್ಲಿ ಅಂತ ಬರೆದಿದ್ದು."

"ನೀನು ಸರ್‌ಗೆ ಹೇಳಿದ್ರೆ," ಎಂದಳು ಹುಡುಗಿ, "ನಾನು ನಿನ್ನ ಜೊತೆ ಮಾತಾಡಲ್ಲ. ಯಾವತ್ತೂ."

"ಮಾತಾಡಬೇಡ. ನಡಿ ಡಾಕ್ಟರ ಹತ್ರ."

ಮೂಳೆ ಡಾಕ್ಟರು ಅಮ್ಮನ ಗಿರಾಕಿಯೇ. ಓದುವ ಕನ್ನಡಕವನ್ನು ತಿಂಗಳಿಗೊಮ್ಮೆ ಅದರ ಮೇಲೇ ಕೂತು ಮುರಿದುಕೊಂಡು ಬರುವವರು. ಶನಿವಾರ ಅವರು ಮೊಣಕಾಲನ್ನು ಮಡಿಸಿ, ಬಿಡಿಸಿ, ಒತ್ತಿ, ಚಿತ್ರ ತೆಗೆಸಿ ನೋಡಿದರು. ಮೂಳೆಗಳನ್ನು ಹಿಡಿದಿಡುವ ಒಳಗಿನ ನಾರು ಅರ್ಧ ಹಿಂಜಿದೆ ಎಂದರು. ಒಂಬತ್ತು ವಾರ ಓಡುವಂತಿಲ್ಲ, ಹಾರುವಂತಿಲ್ಲ.

"ಒಂದೇ ಒಂದು ಮ್ಯಾಚ್ ಆಡಿದ್ರೆ, ಡಾಕ್ಟ್ರೇ?" ಎಂದು ಅಪ್ಪ ಕೇಳಿದ.

"ಪೂರ್ತಿ ಹರಿದು ಹೋಗಬಹುದು. ಆಮೇಲೆ ಕೊಯ್ದು ಹೊಲೀಬೇಕಾಗುತ್ತೆ, ಆದ್ರೂ ಮೊದಲಿನ ಹಾಗೆ ಆಗುತ್ತೆ ಅಂತ ಹೇಳಕ್ಕಾಗಲ್ಲ. ಹರೀದೇನೂ ಇರಬಹುದು. ನಾನು ಜೋಯಿಸ ಅಲ್ಲ."

ಡಾಕ್ಟರು ಆಡಿದ ಅಷ್ಟು ಮಾತಿನಲ್ಲಿ ಅಪ್ಪ ಎರಡು ಪದ ಮಾತ್ರ ಆರಿಸಿಕೊಂಡು ಮನೆಗೆ ತಂದ.

"'ಹರೀದೇನೂ ಇರಬಹುದು' ಅಂದ್ರಲ್ಲ!"

"ಕೊಯ್ದು ಹೊಲೀಬೇಕು ಅಂತಲೂ ಅಂದ್ರು."

"ಇದು ಆಗಿಬಿಟ್ರೆ ಏಳನೇ ಕಪ್. ಜಿಲ್ಲೆ ಟೀಮಿಗೆ ಆರಿಸೋರು ಬಂದು ಕೂರ್ತಾರೆ. ಇವಳ ಮುಂದಿನ ದಾರಿ ಅದು. ಅಷ್ಟಕ್ಕೂ ಸರ್ ಇಷ್ಟು ನಂಬಿಕೆ ಇಟ್ಟು..."

"ಮೊಣಕಾಲು ಸರ್‌ದಲ್ಲ. ಅವಳದು."

"ನಾನು ಆಡೇ ಆಡ್ತೀನಿ," ಎಂದಳು ಹುಡುಗಿ. "ನನ್ನ ಕಾಲು ತಾನೆ? ನಾನೇ ಹೇಳ್ತಾ ಇದೀನಿ."

ಎಲ್ಲರೂ ಅಜ್ಜಿಯ ಕಡೆ ತಿರುಗಿದರು. ಅಜ್ಜಿ ತಟ್ಟೆಯಲ್ಲಿದ್ದ ಕಾಳನ್ನು ಚಮಚದ ತುದಿಯಿಂದ ಒತ್ತಿ ನೋಡಿದಳು. "ಇದು ಇನ್ನೂ ಬೆಂದಿಲ್ಲ," ಎಂದಳು. ತಟ್ಟೆ ಪಕ್ಕಕ್ಕೆ ಸರಿಸಿ, "ನನ್ನನ್ನ ಯಾರೂ ಏನೂ ಕೇಳಬೇಡಿ. ಹೇಳಿದ್ರೆ ಏಣಿ ಅಳುತ್ತೆ, ಹೇಳದಿದ್ರೆ ಏಣಿ ಕುಂಟುತ್ತೆ," ಎಂದಳು.

ಭಾನುವಾರ ಅಪ್ಪ ಪುಸ್ತಕ ಬರೆದು ಮಗಳ ಚೀಲದಲ್ಲಿಟ್ಟ. ಅಮ್ಮ ಅದನ್ನು ತೆಗೆದು ನೋಡಲಿಲ್ಲ. ನಾಲ್ಕನೆಯ ಕಾಲಂನಲ್ಲಿ ಏನಿರುತ್ತದೆಂದು ಅವಳಿಗೆ ಗೊತ್ತಿತ್ತು.

ಸೋಮವಾರ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅವಳು ಶಾಲೆಗೆ ಹೋದಳು. ಆಟದ ಸಾಮಾನಿನ ಕೋಣೆ ತೆರೆದಿತ್ತು. ಕೋಚ್ ಸರ್ ಸ್ಟೂಲಿನ ಮೇಲೆ ಕೂತು ಚೆಂಡುಗಳಿಗೆ ಪಂಪಿನಿಂದ ಗಾಳಿ ತುಂಬುತ್ತಿದ್ದರು. ತುಂಬಿದ ಪ್ರತಿ ಚೆಂಡನ್ನೂ ಕಿವಿಯ ಬಳಿ ಹಿಡಿದು ಬೆರಳಿಂದ ತಟ್ಟಿ ಕೇಳುತ್ತಿದ್ದರು. ಮೇಜಿನ ಮೇಲೆ ಹನ್ನೆರಡು ಪುಸ್ತಕಗಳ ಅಟ್ಟಿ, ಪಕ್ಕದಲ್ಲಿ ಹಸಿರು ಪೆನ್ನು.

"ಎಂಟನೇ ನಂಬರಿನ ಹುಡುಗಿಯ ಅಮ್ಮ ನಾನು," ಎಂದಳು.

"ಬನ್ನಿ ತಾಯಿ, ಕೂತ್ಕೊಳ್ಳಿ. ನಿಮ್ಮನ್ನ ಒಂದು ಸಲ ನೋಡಿದೀನಿ. ಮೂರನೇ ಸಾಲಲ್ಲಿ ಕೂತಿದ್ರಿ. ಮೊಣಕಾಲಿನ ವಿಷಯ ತಾನೆ?"

ಅಮ್ಮ ಕೂರಲು ಹೋದವಳು ನಿಂತಳು.

"ನಿಮಗೆ ಗೊತ್ತಾ ಸರ್?"

"ಹನ್ನೊಂದು ವಾರ ಒಂದು ದಿನವೂ ಎಲ್ಲೂ ನೋವಿಲ್ಲ ಅಂದ್ರೆ ಆ ಹುಡುಗಿ ಆಟ ಆಡ್ತಾ ಇಲ್ಲ ಅಂತ ಅರ್ಥ. ಬೇರೆ ಪುಸ್ತಕ ನೋಡಿ, ಸೊಂಟ, ಹಿಮ್ಮಡಿ, ಬೆರಳು, ಏನೋ ಒಂದು ಇದ್ದೇ ಇರುತ್ತೆ." ಅವರು ಚೆಂಡನ್ನು ತಟ್ಟಿ ಕೇಳಿದರು. "ನಿಮ್ಮ ಯಜಮಾನರು ಬರೆಯೋದು ಬಹಳ ಚೆನ್ನಾಗಿರುತ್ತೆ. ಕಥೆ ಪುಸ್ತಕದ ಹಾಗೆ ಕೊನೇಗೆ ಇಟ್ಕೊಂಡು ಓದ್ತೀನಿ. ಆಮೇಲೆ, ಅವಳು ಎಡಗಾಲಲ್ಲಿ ಇಳಿಯೋದು ಬಿಟ್ಟು ತಿಂಗಳಾಯ್ತು."

"ಗೊತ್ತಿದ್ದೂ ಆಡಿಸಿದ್ರಾ?"

"ಪುಸ್ತಕದಲ್ಲಿ ಇರಲಿಲ್ಲವಲ್ಲ."

"ಕಣ್ಣಲ್ಲಿ ಕಂಡಿದ್ದಕ್ಕೆ ಪುಸ್ತಕ ಯಾಕೆ ಬೇಕು ಸರ್?"

ಅವರು ಪಂಪನ್ನು ಕೆಳಗಿಟ್ಟರು. ದನಿ ಏರಲಿಲ್ಲ. "ತಾಯಿ, ಹುಡುಗೀರನ್ನ ಕೇಳಿದ್ರೆ ಕಾಲು ಮುರಿದಿದ್ರೂ ಆಡ್ತೀನಿ ಅಂತಾರೆ. ನನ್ನನ್ನ ಕೇಳಿದ್ರೆ ನನಗೆ ಗೆಲ್ಲಬೇಕು. ನಾನು ಒಳ್ಳೆಯವನು ಅಂತ ಎಲ್ಲ ಅಂತಾರೆ, ಆದ್ರೆ ಫೈನಲ್ ವಾರ ನಾನು ಎಷ್ಟು ಒಳ್ಳೆಯವನೋ ನನಗೇ ಗೊತ್ತಿಲ್ಲ. ಅದಕ್ಕೇ ಈ ಪುಸ್ತಕ ಮನೆಯವರ ಕೈಗೆ ಕೊಟ್ಟಿರೋದು. ಆಡಬಾರದಷ್ಟು ನೋವು ಅಂತ ಬರೆದಿದ್ದ ಯಾವ ಹುಡುಗೀನೂ ನಾನು ಈವರೆಗೆ ಆಡಿಸಿಲ್ಲ. ಬರೀದೇ ಇರೋರನ್ನ ಕೂರಿಸಿಯೂ ಇಲ್ಲ."

"ಅಂದ್ರೆ ತಪ್ಪು ನಮ್ಮದು."

"ತಪ್ಪು ಅಂತ ನಾನು ಹೇಳಲಿಲ್ಲ."

ಹೇಳಲಿಲ್ಲ ನಿಜ. ಆರು ಕಪ್ ಗೆದ್ದ ಮನುಷ್ಯನಿಗೆ ಇಂಥದನ್ನು ಹೇಳಬೇಕಾದ ಅಗತ್ಯವೂ ಬೀಳುವುದಿಲ್ಲ ಎಂದು ಅಮ್ಮನಿಗೆ ಅನ್ನಿಸಿತು. ಬೈಯಬೇಕೆಂದು ಬಂದಿದ್ದಳು, ಇಲ್ಲವೇ ಬೇಡಿಕೊಳ್ಳಬೇಕೆಂದು. ಆತ ಎರಡಕ್ಕೂ ಜಾಗ ಬಿಟ್ಟಿರಲಿಲ್ಲ. ಕೆಟ್ಟವನಂತೂ ಅಲ್ಲ. ಬೀದಿಯವರು ತಿಳಿದಷ್ಟು ದೊಡ್ಡವನೂ ಅಲ್ಲ. ಅವಳು ಅಟ್ಟಿಯಿಂದ ಎಂಟನೆಯ ನಂಬರಿನ ಪುಸ್ತಕ ಎಳೆದು, ಚೀಲದಿಂದ ತನ್ನ ಪೆನ್ನು ತೆಗೆದಳು. ಭಾನುವಾರದ ದುಂಡನೆಯ 'ಇಲ್ಲ'ವನ್ನು ಒಂದು ಗೆರೆಯಿಂದ ಹೊಡೆದು, ಪಕ್ಕದಲ್ಲಿ ಬರೆದಳು: 'ಎಡ ಮೊಣಕಾಲು. ಐದು ವಾರದಿಂದ. ಡಾಕ್ಟರು ಒಂಬತ್ತು ವಾರ ಬೇಡ ಎಂದಿದ್ದಾರೆ.'

"ಸಹಿ," ಎಂದರು ಸರ್.

ಸಹಿ ಮಾಡಿದಳು. ಅವರು ಓದಿ, ಹಸಿರು ಪೆನ್ನಿನಿಂದ 'ಸರಿ' ಎಂದು ಬರೆದರು.

"ಇನ್ನು ಐದು ದಿನ ಇದೆ," ಎಂದರು ಆಮೇಲೆ, ಅವಳಿಗಲ್ಲ, ಚೆಂಡಿಗೆ ಹೇಳುವವರಂತೆ. "ಅವಳಿದ್ದಿದ್ರೆ ಗೆಲ್ತಿದ್ವಿ."

ಹುಡುಗಿ ಕೊಟ್ಟ ಮಾತಿಗೆ ತಪ್ಪಲಿಲ್ಲ. ಅಂದಿನಿಂದ ಅಮ್ಮನ ಜೊತೆ ಒಂದು ಅಕ್ಷರ ಆಡಲಿಲ್ಲ. ಅಮ್ಮನ ಜೊತೆ ಕೆಲಸ ಬಿದ್ದರೆ ಗೋಡೆಗೆ ಹೇಳುತ್ತಿದ್ದಳು, "ಯಾರೋ ನನ್ನ ನೀಲಿ ಅಂಗಿ ಒಗೆದಿಲ್ಲ ಅಂತ ಕಾಣುತ್ತೆ." ಅಜ್ಜಿ ತನ್ನ ಹಳೆಯ ಉದ್ಯೋಗಕ್ಕೆ ಮರಳಿದಳು.

"ಲೈನಲ್ಲಿರಿ," ಎನ್ನುವಳು ಏಣಿಗೆ. ಅಡುಗೆಮನೆಯ ಕಡೆ ತಿರುಗಿ, "ಹಲೋ, ನೀಲಿ ಅಂಗಿ ಬಗ್ಗೆ ವಿಚಾರಣೆ ಇದೆ."

"ಹಗ್ಗದ ಮೇಲಿದೆ ಅಂತ ಹೇಳಿ ಅತ್ತೆ."

"ಹಗ್ಗದ ಮೇಲಿದೆಯಂತೆ. ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?"

ಯಾರೂ ನಗುತ್ತಿರಲಿಲ್ಲ. ಅಪ್ಪ ಕೋಪವನ್ನು ಕಾಳಿನ ಮೇಲೆ ತೀರಿಸಿಕೊಂಡ. ಆ ವಾರ ಅದು ಚೆನ್ನಾಗಿ ಬೆಂದಿತು. ಹೆಂಡತಿಗೆ ಅವನು ಅಂದದ್ದು ಒಂದೇ ಮಾತು. "ನನ್ನ ಕೈಬರಹದ ಮೇಲೆ ಗೆರೆ ಎಳೆದ್ಯಲ್ಲ, ಅದೂ ಸರ್ ಮುಂದೆ."

"ಬೀಗ ಕೆಟ್ಟಿದ್ರೆ ಹೊರಗಡೆ ಬಣ್ಣ ಹಚ್ಚಿ ಕೊಡ್ತೀರಾ ನೀವು?" ಎಂದಳು ಅಮ್ಮ.

ಶನಿವಾರ ಫೈನಲ್. ಹುಡುಗಿ ಮಾಮೂಲಿ ಬಟ್ಟೆಯಲ್ಲಿ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದಳು. ಸರ್ ಅವಳ ಕೈಗೆ ನೀರಿನ ಬಾಟಲಿಗಳ ಜವಾಬ್ದಾರಿ ಕೊಟ್ಟಿದ್ದರು. ಅಪ್ಪ ಮುಂದಿನ ಸಾಲಿನಲ್ಲಿದ್ದ, ಅಮ್ಮ ಬಾಗಿಲ ಬಳಿ ನಿಂತಿದ್ದಳು. ಮಗಳ ಜಾಗದಲ್ಲಿ ಆಡಿದ ಹುಡುಗಿ ಪಾಪ ಕೈಲಾದದ್ದು ಮಾಡಿದಳು. ಕೈಲಾದದ್ದು ಸಾಲಲಿಲ್ಲ. ತಂಡ ಆರು ಅಂಕಗಳಿಂದ ಸೋತಿತು, ಏಳು ವರ್ಷಗಳಲ್ಲಿ ಮೊದಲ ಸಲ. ಸರ್ ಎದುರು ತಂಡದ ಕೋಚಿನ ಕೈಕುಲುಕಿ, ಹನ್ನೆರಡು ಹುಡುಗಿಯರನ್ನೂ ಸಾಲಾಗಿ ನಡೆಸಿಕೊಂಡು ಹೊರಗೆ ಹೋದರು. ಜಿಲ್ಲೆಯವರು ಎದುರು ತಂಡದಿಂದ ಮೂವರನ್ನು ಆರಿಸಿಕೊಂಡರು.

ಒಂದು ವಾರ ಬೀದಿ ಗುಸುಗುಸು ಅಂದಿತು. ಬೇಕರಿಯವನು ಅಮ್ಮನಿಗೆ ಚಿಲ್ಲರೆ ಕೊಡುವಾಗ ಮುಖ ನೋಡಲಿಲ್ಲ. ಎರಡನೆಯ ವಾರ ಮಾತು ನಿಧಾನವಾಗಿ ಬೇರೆ ದಾರಿ ಹಿಡಿಯಿತು. ಅದನ್ನು ಹಿಡಿಸಿದವನು ಅಪ್ಪನೇ ಎಂಬುದು ಅಮ್ಮನಿಗೆ ತಿಳಿದದ್ದು, ಅಂಗಡಿಗೆ ಬಂದ ಗಿರಾಕಿಯೊಬ್ಬ ಗದ್ದವನ್ನು ಯಂತ್ರದ ಮೇಲಿಟ್ಟುಕೊಂಡೇ ಮಾತಿಗೆಳೆದಾಗ.

"ಕಪ್ ಹೋದ್ರೂ ಪರವಾಗಿಲ್ಲ, ಹುಡುಗಿ ಕಾಲು ಮುಖ್ಯ ಅಂತ ಕೂರಿಸಿಬಿಟ್ರಂತಲ್ಲ ಮೇಡಂ ಆ ಕೋಚು! ಬೀಗದಂಗಡಿಯೋರು ಹೇಳ್ತಿದ್ರು. ಈ ಕಾಲದಲ್ಲಿ ಯಾರಿದಾರೆ ಅಂಥೋರು?"

"ಅಲುಗಾಡಬೇಡಿ," ಎಂದಳು ಅಮ್ಮ. "ಈ ಗಾಜಲ್ಲಿ ಚೆನ್ನಾಗಿ ಕಾಣುತ್ತಾ, ಅದರಲ್ಲಾ?"

ಮುಂದಿನ ಭಾನುವಾರ ಅಂಗಡಿಗೆ ರಜೆ; ಮೇಜಿನ ಸುತ್ತ ನಾಲ್ವರೂ ಇದ್ದರು. ಅಪ್ಪ ಅದೇ ಕಥೆಯನ್ನು ಅಜ್ಜಿಗೆ ಹೇಳಲು ಶುರುಮಾಡಿದ. ಇಷ್ಟು ಹೊತ್ತಿಗೆ ಅವನೇ ಅದನ್ನು ನಂಬಿಬಿಟ್ಟಿದ್ದ. ಕಣ್ಣಲ್ಲಿ ನೀರು ಬರುವ ಜಾಗವೂ ಗೊತ್ತಾಗಿತ್ತು.

"ಸರ್ ಮನಸ್ಸು ಮಾಡಿದ್ರೆ ಆಡಿಸಬಹುದಿತ್ತು ಕಣಮ್ಮಾ. ಆದ್ರೆ ಕೂರಿಸಿದ್ರು. ಅದು ಮನುಷ್ಯತ್ವ ಅಂದ್ರೆ!"

"ಕೂರಿಸಿದ್ದು ಸರ್ ಅಲ್ಲ," ಎಂದಳು ಹುಡುಗಿ.

"ಮತ್ತೆ?"

"ಅಮ್ಮ." ಅವಳು ತಟ್ಟೆಯಿಂದ ಕಣ್ಣೆತ್ತಲಿಲ್ಲ. ಅದು ದೂರೋ, ಲೆಕ್ಕ ಸರಿಪಡಿಸುವುದೋ, ದನಿಯಿಂದ ಗೊತ್ತಾಗುವಂತಿರಲಿಲ್ಲ. "ಸರ್ ನನ್ನ ಆಡಿಸ್ತಿದ್ರು. ಫೈನಲ್ ದಿನಾನೇ ಹೇಳಿದ್ರು ನನಗೆ. 'ನಿಮ್ಮಮ್ಮ ಬರೀದಿದ್ರೆ ನೀನಿವತ್ತು ಆಡ್ತಿದ್ದೆ' ಅಂತ."

ಅಪ್ಪ ಚಮಚ ಕೆಳಗಿಟ್ಟ. ಆಮೇಲೆ ಅವನ ಮುಖ ಮತ್ತೆ ಬೆಳಗಿತು.

"ನೋಡಿದ್ಯಾ? ಸರ್ ಎಷ್ಟು ನೇರ ಮನುಷ್ಯ. ಮುಚ್ಚಿಡಲಿಲ್ಲ!"

ಅಜ್ಜಿ ಸೊಸೆಯ ಮುಖ ನೋಡಿದಳು. ಅಮ್ಮ ಎದ್ದು ನೀರಿನ ಜಗ್ಗು ತಂದು ಎಲ್ಲರ ಲೋಟಕ್ಕೂ ಸುರಿದಳು.

"ಆಸ್ಪತ್ರೆಗೆ ಮತ್ತೆ ಯಾವತ್ತು ಹೋಗಬೇಕು?" ಎಂದು ಹುಡುಗಿ ಕೇಳಿದಳು. ಗೋಡೆಯನ್ನಲ್ಲ.

"ಗುರುವಾರ," ಎಂದಳು ಅಮ್ಮ. "ನಾಲ್ಕಕ್ಕೆ. ನಾನು ಬರ್ತೀನಿ."

ಡಾಕ್ಟರು ಒಂಬತ್ತು ವಾರ ಎಂದಿದ್ದರು. ಮೊಣಕಾಲು ವಾಸಿಯಾಗಲು ಹತ್ತು ವಾರ ಹಿಡಿಯಿತು.